ನಾಲ್ಕನೇ ಆವೃತ್ತಿಯ ಹಳೇ ದೂರುಗಳು

ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಮುಂದೆ ನಾನೂರ ಹನ್ನೆರಡು ದೂರುಗಳಿದ್ದವು. ಸಂಜೆ ಐದರೊಳಗೆ ಅಷ್ಟನ್ನೂ ಮುಚ್ಚಬೇಕು ಎಂದು ಮ್ಯಾನೇಜರ್ ಹೇಳಿದ್ದರು. ಸರಿಪಡಿಸಿ ಮುಚ್ಚುವುದಲ್ಲ, ಹಾಗೇ ಮುಚ್ಚುವುದು.

ನಮ್ಮ ಕಂಪನಿಯ ಕೆಲಸ ಆಸ್ಪತ್ರೆಯ ಡ್ರಿಪ್ ಮಿಷನ್ನುಗಳ ಒಳಗಿನ ಸಾಫ್ಟ್‌ವೇರ್ ಬರೆಯುವುದು. ನರ್ಸ್ ರೋಗಿಯ ತೂಕ ಒತ್ತಿದರೆ ಗಂಟೆಗೆ ಎಷ್ಟು ಔಷಧ ಹೋಗಬೇಕು ಎಂದು ಅದು ಲೆಕ್ಕ ಹಾಕುತ್ತದೆ. ಈಗ ಚಾಲ್ತಿಯಲ್ಲಿರುವುದು ಆರನೇ ಆವೃತ್ತಿ. ನಾಲ್ಕನೆಯದಕ್ಕೆ ಹನ್ನೊಂದು ವರ್ಷ ವಯಸ್ಸಾಗಿದೆ. ಆದರೂ ಅರವತ್ತೊಂದು ಆಸ್ಪತ್ರೆಗಳು ಅದನ್ನೇ ತಬ್ಬಿಕೊಂಡು ಕೂತಿವೆ. ಇವತ್ತು ಅದರ ಕೊನೆಯ ದಿನ. ನಾಳೆಯಿಂದ ಅದಕ್ಕೆ ದುರಸ್ತಿಯೂ ಇಲ್ಲ, ದೂರು ಕೇಳುವವರೂ ಇಲ್ಲ. ಅದರ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಒಂದೇ ಒಂದು ಮಿಷನ್ನನ್ನು ಮಧ್ಯಾಹ್ನ ಹನ್ನೆರಡಕ್ಕೆ ಸ್ಟೋರಿನವರು ಬಂದು ಗುಜರಿಗೆ ಒಯ್ಯುತ್ತಾರೆ. ಏಳು ವರ್ಷದಿಂದ ಆ ದೂರುಗಳನ್ನು ಸಾಕಿದವಳು ನಾನು. ಹಾಗಾಗಿ ಗಂಟುಮೂಟೆ ಕಟ್ಟುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು.

ಬೇರೆ ದಿನವಾಗಿದ್ದರೆ ಪೀಡೆ ತೊಲಗಿತು ಎಂದು ಖುಷಿಪಡುತ್ತಿದ್ದೆ. ಇವತ್ತು ಮಾತ್ರ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ. ಮೂರು ಗಂಟೆಗೆ ನನ್ನ ಅತ್ತಿಗೆಯ ವಿಚಾರಣೆ ಇತ್ತು.

ಅತ್ತಿಗೆ ಹತ್ತೊಂಬತ್ತು ವರ್ಷದಿಂದ ನರ್ಸ್. ಅವರೂ ಅಣ್ಣನೂ ಮನೆಯ ಕೆಳಗಡೆ, ನಾನು ಮಹಡಿ ಮೇಲೆ, ಊಟ ಮಾತ್ರ ಒಟ್ಟಿಗೆ. ಹೋದ ವಾರ ಅವರ ವಾರ್ಡಿನಲ್ಲಿ ಆಪರೇಷನ್ ಆಗಿ ಮಲಗಿದ್ದ ನಾಲ್ಕು ವರ್ಷದ ಹುಡುಗಿಗೆ ನೋವಿನ ಔಷಧ ಮೂರು ಪಟ್ಟು ಹೆಚ್ಚು ಹೋಯಿತು. ಮಗುವಿನ ಉಸಿರು ಇನ್ನೇನು ನಿಂತಿತು ಅನ್ನುವಷ್ಟು ಇಳಿಯಿತು. ಅತ್ತಿಗೆಯೇ ನೋಡಿ, ಕೂಗಿ ಡಾಕ್ಟರನ್ನು ಕರೆದು, ಡ್ರಿಪ್ ನಿಲ್ಲಿಸಿದರು. ಎರಡು ದಿನ ಐಸಿಯುನಲ್ಲಿದ್ದು ಮಗು ಉಳಿಯಿತು. ಮಗುವಿನ ತೂಕ ಹದಿನಾಲ್ಕು ಕಿಲೊ. ಮಿಷನ್ ಕೊಟ್ಟದ್ದು ನಲವತ್ತೆರಡು ಕಿಲೊ ತೂಗುವವರಿಗೆ ಕೊಡುವಷ್ಟು. ತೂಕ ತಪ್ಪಾಗಿ ಒತ್ತಿದ್ದಾರೆ ಎಂದು ಅತ್ತಿಗೆಯನ್ನು ಅಮಾನತಿನಲ್ಲಿಟ್ಟರು. ವಿಚಾರಣೆಯಲ್ಲಿ ತಪ್ಪು ಅವರದೇ ಎಂದಾದರೆ ಕೆಲಸವಷ್ಟೇ ಅಲ್ಲ, ನರ್ಸ್ ಎಂಬ ನೋಂದಣಿಯೇ ಹೋಗುತ್ತದೆ. ಮತ್ತೆ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತುವ ಹಾಗಿಲ್ಲ.

ಅತ್ತಿಗೆ ಆಸ್ಪತ್ರೆಯವರಿಗೆ ಹೇಳಿದ್ದು ಇಷ್ಟೇ: ಒತ್ತಿದ್ದು ಹದಿನಾಲ್ಕೇ, ಪರದೆಯ ಮೇಲೂ ಹದಿನಾಲ್ಕೇ ಇತ್ತು, ಈ ಮಿಷನ್ನಿಗೆ ಈ ರೋಗ ಇದೆ ಎಂದು ಮೂರು ವರ್ಷದ ಹಿಂದೆಯೇ ಕಂಪನಿಗೆ ಬರೆದಿದ್ದೆ. ಆಸ್ಪತ್ರೆಯವರು ನಮ್ಮ ಸಹಾಯವಾಣಿಯನ್ನು ಕೇಳಿದರು. ಸಹಾಯವಾಣಿಯವರು ಹುಡುಕಿ, ಅಂಥ ದೂರು ಯಾವುದೂ ಇಲ್ಲ ಎಂದು ಉತ್ತರ ಬರೆದರು. ಅಲ್ಲಿಗೆ ಅತ್ತಿಗೆಗೆ ತಪ್ಪಿನ ಜೊತೆಗೆ ಸುಳ್ಳುಬುರುಕಿ ಎಂಬ ಹಣೆಪಟ್ಟಿಯೂ ಅಂಟಿತು. ನಾನೂ ಸೋಮವಾರ ಸಹಾಯವಾಣಿಗೆ ಫೋನ್ ಮಾಡಿ ಕೇಳಿದೆ. ಅದೇ ಉತ್ತರ ಬಂತು, ನಾನೂ ನಂಬಿದೆ. ಹಿಂದೆ ಬರೆದ ಬೇರೆ ಯಾವುದೋ ದೂರನ್ನು ಇದೇ ಅಂದುಕೊಂಡಿರಬೇಕು ಎಂದು ಮನಸ್ಸಿನೊಳಗೇ ಅವರ ಮೇಲೆ ತೀರ್ಪು ಕೊಟ್ಟೂ ಆಗಿತ್ತು. ಊಟಕ್ಕೆ ಕೂತಾಗ ಅವರ ಮುಖ ನೋಡಲಾಗದೆ ನಾಲ್ಕು ತುತ್ತು ತಿಂದ ಶಾಸ್ತ್ರ ಮಾಡಿ ಎದ್ದುಬಿಡುತ್ತಿದ್ದೆ.

ನನಗೆ ಬುದ್ಧಿ ಬಂದದ್ದು ಈ ದಿನ ಹತ್ತು ಗಂಟೆಗೆ. ಮುಚ್ಚುವ ಮುಂಚೆ ಪಟ್ಟಿಯ ಮೇಲೊಮ್ಮೆ ಕಣ್ಣಾಡಿಸುತ್ತಿದ್ದೆ. ಪರದೆಯ ಮೂಲೆಯಲ್ಲಿ ‘ತೆರೆದಿರುವವು 412’ ಎಂದಿತ್ತು. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ‘ಮುಚ್ಚಿದವು 6380’. ಸಹಾಯವಾಣಿಯವರಿಗೆ ಕಾಣುವುದು ತೆರೆದಿರುವ ದೂರುಗಳು ಮಾತ್ರ. ಮುಚ್ಚಿದವುಗಳನ್ನು ಅವರಿಗೆ ತೋರಿಸಬೇಡಿ, ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾರೆ ಎಂದು ಹಿಂದೊಂದು ಸಭೆಯಲ್ಲಿ ಹೇಳಿದವಳು ನಾನೇ. 

ಮುಚ್ಚಿದವುಗಳಲ್ಲಿ ಅತ್ತಿಗೆಯ ಆಸ್ಪತ್ರೆಯ ಹೆಸರು ಹಾಕಿ ಹುಡುಕಿದೆ. ಎಂಟನೇ ಸಾಲಿನಲ್ಲಿ ಸಿಕ್ಕಿತು. ಸಂಖ್ಯೆ 2207: ‘ತೂಕ ಸರಿಯಾಗಿ ತೋರಿಸುತ್ತದೆ, ಔಷಧ ತಪ್ಪಾಗಿ ಕೊಡುತ್ತದೆ.’ ಬರೆದವರು ಅತ್ತಿಗೆ. ಕೆಳಗೆ ಒಂದು ಸಾಲಿನ ತೀರ್ಪು: ಇದು 1893ರ ನಕಲು, ಅಲ್ಲಿ ನೋಡಿ. ಒಂದೇ ದೋಷದ ಬಗ್ಗೆ ಇಬ್ಬರು ಬರೆದರೆ ಒಂದು ದೂರನ್ನು ಉಳಿಸಿಕೊಂಡು ಇನ್ನೊಂದನ್ನು ನಕಲು ಎಂದು ಮುಚ್ಚುವುದು ನಮ್ಮಲ್ಲಿ ರೂಢಿ. ಸರಿ ಎಂದು 1893 ತೆರೆದೆ. ಅದು ಇನ್ನಾವುದೋ ಆಸ್ಪತ್ರೆಯವರು ಬರೆದ ಎರಡು ಸಾಲಿನ ದೂರು. ಅದೂ ಮುಚ್ಚಿತ್ತು. ಅದರ ಕೆಳಗೆ ಬರೆದಿತ್ತು: ಇದು 2207ರ ನಕಲು, ಅಲ್ಲಿ ನೋಡಿ.

ನಂಬಲಾಗದೆ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಎರಡು ಸಲ ಹೋಗಿ ಬಂದೆ. ಒಂದು ಇನ್ನೊಂದರ ಕಡೆ ಬೆರಳು ತೋರಿಸಿಕೊಂಡು ಎರಡೂ ಮುಚ್ಚಿಹೋಗಿದ್ದವು. ದೋಷವನ್ನು ಯಾರೂ ಸರಿಪಡಿಸಿರಲಿಲ್ಲ. ಅದು ಅರವತ್ತೊಂದು ಆಸ್ಪತ್ರೆಗಳಲ್ಲಿ ಹಾಯಾಗಿ ಓಡಾಡಿಕೊಂಡಿತ್ತು. 1893ನ್ನು ಮುಚ್ಚಿದವರು ನಾವೆಲ್ಲ ಅಜ್ಜ ಎಂದು ಕರೆಯುವ ಹಿರಿಯ ಸಹೋದ್ಯೋಗಿ. 2207ನ್ನು ಮುಚ್ಚಿದವರ ಜಾಗದಲ್ಲಿ ನನ್ನ ಹೆಸರಿತ್ತು.

ದಿನಾಂಕ ನೋಡಿದ ಮೇಲೆ ಎಲ್ಲ ನೆನಪಿಗೆ ಬಂತು. ಆಗ ನಮ್ಮಲ್ಲಿ ತಿಂಗಳಿಗೊಂದು ಶುಕ್ರವಾರ ಎಲ್ಲರೂ ಬೇರೆ ಕೆಲಸ ಬಿಟ್ಟು ಹಳೇ ದೂರು ಮುಚ್ಚುವ ಪದ್ಧತಿ ಇತ್ತು. ಯಾರು ಎಷ್ಟು ಮುಚ್ಚಿದರು ಎಂದು ಗೋಡೆಯ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಆ ಶುಕ್ರವಾರ ನಾನು ಮೂವತ್ತೇಳು ಮುಚ್ಚಿ ಮೊದಲನೆಯವಳಾಗಿದ್ದೆ, ಚಪ್ಪಾಳೆಯೂ ಬಿದ್ದಿತ್ತು. ಎರಡು ನಕಲುಗಳಲ್ಲಿ ಹೆಚ್ಚು ವಿವರ ಇರುವುದು ಉಳಿಯಬೇಕು ಎಂಬುದು ಅಜ್ಜನ ನಿಯಮ. ಮೊದಲು ಬಂದದ್ದು ಉಳಿಯಬೇಕು ಎಂಬುದು ನನ್ನದು. ಒಂದೇ ಮಧ್ಯಾಹ್ನ, ನಡುವೆ ಎರಡು ಮೇಜು ಬಿಟ್ಟು ಕೂತು, ಇಬ್ಬರೂ ತಂತಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದೆವು.

ಇನ್ನೊಂದು ಕಾರಣವೂ ಇತ್ತು, ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆ ದಿನಗಳಲ್ಲಿ ಅತ್ತಿಗೆ ಊಟಕ್ಕೆ ಕೂತಾಗಲೆಲ್ಲ ನನ್ನ ದೂರು ಏನಾಯಿತು ಎಂದು ಕೇಳುತ್ತಿದ್ದರು. ಮನೆ ಬೇರೆ, ಆಫೀಸು ಬೇರೆ ಎಂದು ನಾನು ಸಿಡುಕುತ್ತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ. ಮನೆಯವರ ದೂರನ್ನು ಮುಂದೆ ತಳ್ಳಿದಳು ಎಂದು ಯಾರೂ ಆಡಿಕೊಳ್ಳಬಾರದು ಎಂಬ ಬಿಂಕ ಬೇರೆ. ಅದಕ್ಕೇ ಅದೊಂದರಿಂದ ಉಳಿದವುಗಳಿಗಿಂತ ಬೇಗ ಕೈತೊಳೆದುಕೊಂಡಿದ್ದೆ.

ಓಡಿದ್ದು ಅಜ್ಜನ ಮೇಜಿಗೆ. ಅಜ್ಜ ಎಂದರೆ ಮೊಮ್ಮಕ್ಕಳಿದ್ದವರಲ್ಲ. ವಯಸ್ಸು ಐವತ್ತಮೂರು, ನಾಲ್ಕನೇ ಆವೃತ್ತಿಯ ಕೋಡ್ ಬರೆದವರ ಪೈಕಿ ಕಂಪನಿಯಲ್ಲಿ ಉಳಿದಿರುವವರು ಅವರೊಬ್ಬರೇ, ಅದಕ್ಕೆ ಆ ಹೆಸರು. ಎರಡೂ ದೂರುಗಳನ್ನು ಪಕ್ಕಪಕ್ಕ ತೆರೆದು ತೋರಿಸಿ, ಮೂರು ಗಂಟೆಯ ವಿಚಾರಣೆಯ ಸಂಗತಿ ಹೇಳಿದೆ. ಯಾವತ್ತೂ ಒಂದು ತಮಾಷೆ ಮಾಡದೆ ಬಾಯಿ ತೆರೆಯದ ಮನುಷ್ಯ ಕನ್ನಡಕ ತೆಗೆದು ಒರೆಸುತ್ತಾ ಕೂತುಬಿಟ್ಟರು. ಆಮೇಲೆ ಹೇಳಿದರು: ಇದನ್ನು ಮುದ್ರಿಸಿ ಒಯ್ದರೆ ಸಾಲದು, ಯಾರೋ ನರ್ಸ್ ಏನೋ ಬರೆದಿದ್ದರು ಅಂತಾರೆ, ಅಷ್ಟೇ, ಮಿಷನ್ ತಪ್ಪು ಮಾಡುವುದನ್ನು ಕಣ್ಣಾರೆ ತೋರಿಸಬೇಕು.

ಮಿಷನ್ ಇದ್ದದ್ದು ಕೆಳಗಿನ ಪರೀಕ್ಷೆ ಕೋಣೆಯಲ್ಲಿ. ಹೋದಾಗ ಹತ್ತೂ ಮುಕ್ಕಾಲು. ಕಿಟಕಿಯಿಲ್ಲದ ಕೋಣೆ, ಗೋಡೆಗೆ ಕಬ್ಬಿಣದ ಕಪಾಟು, ಮಿಷನ್ನಿನ ಮೈಮೇಲೆ ಆಗಲೇ ‘ಗುಜರಿ’ ಎಂದು ಹಳದಿ ಚೀಟಿ ಅಂಟಿಸಿದ್ದರು. ಔಷಧದ ಬದಲು ನೀರಿನ ಚೀಲ ನೇತುಹಾಕಿ, ಕೊಳವೆಯ ತುದಿಯನ್ನು ಬಕೆಟಿಗೆ ಬಿಟ್ಟೆವು. ಹಿಂದಿನ ರೋಗಿಯ ತೂಕ ಹೇಗೋ ಒಳಗೆ ಉಳಿದುಕೊಳ್ಳುತ್ತದೇನೋ ಎಂಬ ಅನುಮಾನದ ಮೇಲೆ, ನಲವತ್ತೆರಡು ಕಿಲೊದ ರೋಗಿಯನ್ನು ಹಾಕಿ ಓಡಿಸಿ, ನಿಲ್ಲಿಸಿ, ಹದಿನಾಲ್ಕು ಕಿಲೊದ ಹೊಸ ರೋಗಿಯನ್ನು ಹಾಕಿದೆವು. ಗಂಟೆಗೆ 2.8 ಮಿಲಿ ಬರಬೇಕು, 2.8 ಬಂತು. ಮತ್ತೆ ಮಾಡಿದೆವು, ಮತ್ತೆ 2.8. ನಡುವೆ ಅಲಾರಂ ಬಡಿಸಿ ನೋಡಿದೆವು, ಚೀಲ ಬದಲಿಸಿ ನೋಡಿದೆವು, ಗುಂಡಿಗಳನ್ನು ಅಡ್ಡಾದಿಡ್ಡಿ ಒತ್ತಿ ನೋಡಿದೆವು. ಹನ್ನೊಂದು ಸಲವೂ ಆ ಹಾಳು ಮಿಷನ್ ಸತ್ಯವಂತನ ಹಾಗೆ 2.8 ಎಂದೇ ಹೇಳಿತು. ಗಡಿಯಾರ ಹನ್ನೊಂದೂವರೆ ದಾಟಿತ್ತು.

‘ನಿಮ್ಮ ಅತ್ತಿಗೆ ಏನು ಬರೆದಿದ್ದಾರೆ, ಪೂರ್ತಿ ಓದಮ್ಮ,’ ಎಂದರು ಅಜ್ಜ.

ಗಟ್ಟಿಯಾಗಿ ಓದಿದೆ. ಅತ್ತಿಗೆ ದೂರು ಬರೆಯುವುದೂ ಮಾತಾಡಿದ ಹಾಗೇ. ಅವತ್ತು ಯಾವ ಹಾಸಿಗೆ ಖಾಲಿಯಾಯಿತು, ಯಾರು ರಜೆ ಹಾಕಿದ್ದರು, ಯಾವ ಅಜ್ಜಿ ನೀರು ಕೇಳಿದರು, ಎಲ್ಲ ಅದರಲ್ಲಿತ್ತು. ನಡುವೆ ಒಂದು ಕಡೆ ಹೀಗಿತ್ತು: ‘ಆಚೆ ವಾರ್ಡಿನಿಂದ ತರುವಾಗ ಪ್ಲಗ್ ಕಿತ್ತಿದ್ದರಿಂದ ಮಿಷನ್ ಬ್ಯಾಟರಿ ಮೇಲೆ ಓಡುತ್ತಿತ್ತು. ನಾನು ಒಂದು ಕೈಯಲ್ಲಿ ತೂಕ ಒತ್ತುತ್ತಾ ಇನ್ನೊಂದು ಕೈಯಲ್ಲಿ ಪ್ಲಗ್ ಹಾಕಿದೆ.’

ಅಲ್ಲೇ ನಿಲ್ಲಿಸು ಎಂದು ಅಜ್ಜ ಕೈ ಎತ್ತಿದರು. ಕರೆಂಟು ಬಂದ ಗಳಿಗೆಯಲ್ಲಿ ಮಿಷನ್ ತನ್ನ ನೆನಪಿನಿಂದ ಹಿಂದಿನ ರೋಗಿಯನ್ನು ಮತ್ತೆ ಎತ್ತಿಕೊಳ್ಳುತ್ತದಂತೆ. ಪರದೆಯ ಮೇಲೆ ಹೊಸ ತೂಕ, ಒಳಗಿನ ಲೆಕ್ಕಕ್ಕೆ ಹಳೇ ತೂಕ. ಕರೆಂಟು ಹೋದರೆ ರೋಗಿಯ ವಿವರ ಕಳೆದುಹೋಗಬಾರದು ಎಂದು ಆ ಸಾಲುಗಳನ್ನು ಬರೆದವರೇ ತಾವು ಎಂದು ಅಜ್ಜ ಮೆಲ್ಲಗೆ ಹೇಳಿದರು.

ಪ್ಲಗ್ ಕಿತ್ತೆ. ಮಿಷನ್ ಕುಂಯ್ ಎಂದು ಸತ್ತೇಹೋಯಿತು. ಹನ್ನೊಂದು ವರ್ಷದ ಬ್ಯಾಟರಿಯಲ್ಲಿ ಕಿಂಚಿತ್ತೂ ಜೀವ ಉಳಿದಿರಲಿಲ್ಲ. ಮತ್ತೆ ಪ್ಲಗ್ ಹಾಕಿ ಅದಕ್ಕೆ ಒಂದಿಷ್ಟು ಚಾರ್ಜ್ ಹಿಡಿಯಲಿ ಎಂದು ಕಾದೆವು. ಹನ್ನೆರಡಾಗಲು ಐದು ನಿಮಿಷ ಇರುವಾಗಲೇ ಸ್ಟೋರಿನವರು ತಳ್ಳುಗಾಡಿ ಸಮೇತ ಬಾಗಿಲಲ್ಲಿ ನಿಂತರು. ಎಲ್ಲ ದಿನ ತಡ, ಇವತ್ತು ಮಾತ್ರ ಮುಂಚೆ. ಅಜ್ಜ ಎದ್ದುಹೋಗಿ ಅವರ ಹೆಗಲ ಮೇಲೆ ಕೈಹಾಕಿ, ಬಾಗಿಲಿಗೆ ಅಡ್ಡವಾಗಿ ನಿಂತು, ಗುಜರಿಗೆ ಹಾಕುವ ಮುಂಚೆ ಯಾವ ಯಾವ ಕಾಗದಕ್ಕೆ ಯಾರ ಯಾರ ಸಹಿ ಬೇಕು ಎಂದು ಒಂದೊಂದಾಗಿ ಕೇಳತೊಡಗಿದರು. ಅಷ್ಟು ಹೊತ್ತಿಗೆ ಬ್ಯಾಟರಿಯ ಗುರುತು ಒಂದು ಗೆರೆ ತೋರಿಸಿತು.

ಫೋನನ್ನು ಕಪಾಟಿಗೆ ಒರಗಿಸಿ ವಿಡಿಯೊ ಶುರು ಮಾಡಿದೆ. ನಲವತ್ತೆರಡು ಹಾಕಿ ಓಡಿಸಿದೆ. ನಿಲ್ಲಿಸಿದೆ. ಪ್ಲಗ್ ಕಿತ್ತೆ, ಈ ಸಲ ಪರದೆ ಆರಲಿಲ್ಲ. ಹೊಸ ರೋಗಿ. ಒಂದು ಒತ್ತಿದೆ, ಎಡಗೈಯಲ್ಲಿ ಪ್ಲಗ್ ಹಾಕಿದೆ, ನಾಲ್ಕು ಒತ್ತಿದೆ. ಪರದೆಯ ಮೇಲೆ ದೊಡ್ಡದಾಗಿ 14 ಎಂದು ಬಂತು. ಗಂಟೆಗೆ ಎಷ್ಟು ಮಿಲಿ ಎಂಬ ಅಳತೆ ನಾಲ್ಕನೇ ಆವೃತ್ತಿಯಲ್ಲಿ ಎರಡನೇ ಪುಟದಲ್ಲಿರುತ್ತದೆ, ಬೇಕೆಂದು ತಿರುಗಿಸಿ ನೋಡಿದವರಿಗೆ ಮಾತ್ರ ಕಾಣುತ್ತದೆ. ತಿರುಗಿಸಿದೆ. 8.4. ಬಕೆಟಿಗೆ ನೀರು ಮೊದಲಿಗಿಂತ ಮೂರು ಪಟ್ಟು ಬೇಗ ತೊಟ್ಟಿಕ್ಕತೊಡಗಿತು. ಗೆದ್ದೆ ಎಂದು ಕುಣಿಯಬೇಕಿತ್ತು, ನನಗೆ ನಾನು ನೋಡೇ ಇರದ ಆ ನಾಲ್ಕು ವರ್ಷದ ಹುಡುಗಿಯ ಕೈ ಕಣ್ಮುಂದೆ ಬಂದು ಅಳು ಬಂತು.

ಹನ್ನೆರಡೂವರೆಗೆ ಮ್ಯಾನೇಜರ್ ಕೋಣೆಯಲ್ಲಿ ನಿಂತಿದ್ದೆ. ಅವರು ಕೆಟ್ಟವರೇನಲ್ಲ. ವಿಡಿಯೊವನ್ನು ಕೊನೆಯವರೆಗೂ ನೋಡಿದರು. ಆಮೇಲೆ ಕುರ್ಚಿ ಮುಂದೆ ಎಳೆದುಕೊಂಡು ಒಂದು ದಾರಿ ಹೇಳಿದರು: ಇದನ್ನು ಇವತ್ತಿನ ದಿನಾಂಕದಲ್ಲಿ ಹೊಸ ದೂರಾಗಿ ದಾಖಲಿಸು, ದೋಷ ಇವತ್ತೇ ಪತ್ತೆಯಾಯಿತು ಎನ್ನೋಣ, ವಕೀಲರು ನೋಡಿದ ಮೇಲೆ ಎರಡು ದಿನದಲ್ಲಿ ಎಲ್ಲ ಆಸ್ಪತ್ರೆಗೂ ಪತ್ರ ಹೋಗುತ್ತದೆ, ನಿಮ್ಮ ಅತ್ತಿಗೆಯೂ ಉಳೀತಾರೆ, ನೀನೂ ಉಳೀತೀಯ. ಸುಳ್ಳೇಕೆ ಹೇಳಲಿ, ನನಗೂ ಆಸೆಯಾಯಿತು. ಒಂದು ಗಳಿಗೆ ಅದೇ ಸರಿ ಅನ್ನಿಸಿಯೂ ಬಿಟ್ಟಿತು. ಆದರೆ ವಿಚಾರಣೆ ಇದ್ದದ್ದು ಎರಡು ದಿನದ ಮೇಲಲ್ಲ, ಎರಡೂವರೆ ಗಂಟೆಯಲ್ಲಿ. ಅಲ್ಲದೆ ಹೊಸ ದೂರು ಹುಟ್ಟಿದರೆ ಹಳೆಯದು ಮುಚ್ಚಿಯೇ ಇರುತ್ತದೆ, ಮೂರು ವರ್ಷದ ಹಿಂದೆ ಬರೆದಿದ್ದೆ ಎಂದ ಅತ್ತಿಗೆ ಸುಳ್ಳುಬುರುಕಿಯಾಗಿಯೇ ಉಳಿಯುತ್ತಾರೆ. ಆಗಲ್ಲ, ಹಳೇ ದೂರನ್ನೇ ಮುದ್ರಿಸಿ ವಿಚಾರಣೆಗೆ ಒಯ್ಯುತ್ತೇನೆ ಎಂದೆ.

‘ಅಪ್ಪಣೆ ಇಲ್ದೆ ಆ ಕಾಗದ ಹೊರಗೆ ತಗೊಂಡು ಹೋದ್ರೆ ಆಮೇಲೆ ನಿನ್ನ ಕಾಪಾಡೋದು ನನ್ನ ಕೈಲಾಗಲ್ಲ,’ ಎಂದರು ಅವರು. ಹೆದರಿಸುವುದಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು.

ಮೇಜಿಗೆ ಬಂದು 2207ನ್ನು ಮತ್ತೆ ತೆರೆದೆ. ಮೂಲೆಯ ಸಂಖ್ಯೆ 413 ಆಯಿತು. ದೂರನ್ನು ಅದರ ಇತಿಹಾಸದ ಸಮೇತ, ಯಾರು ಯಾವಾಗ ಮುಚ್ಚಿದರು ಎಂಬ ಪುಟದ ಸಮೇತ ಮುದ್ರಿಸಿದೆ. ಅಜ್ಜ ಕೆಳಗೆ ಸಹಿ ಹಾಕಿ, ಅರ್ಧ ಪಾಪ ನನ್ನದೂ ಇದೆ, ಪೂರ್ತಿ ನೀನೇ ಬಾಚಿಕೊಳ್ಳಬೇಡ ಎಂದರು. ನಾನು ಹೊರಟಾಗ ಅವರು ಅರವತ್ತೊಂದು ಆಸ್ಪತ್ರೆಗಳ ಫೋನ್ ಪಟ್ಟಿ ಮುಂದಿಟ್ಟುಕೊಂಡು, ವಕೀಲರನ್ನೂ ಕೇಳದೆ, ಮೊದಲನೆಯದಕ್ಕೆ ಡಯಲ್ ಮಾಡುತ್ತಿದ್ದರು.

ಆಸ್ಪತ್ರೆ ತಲುಪಿದಾಗ ಮೂರಕ್ಕೆ ಹತ್ತು ನಿಮಿಷ. ಮೂರನೇ ಮಹಡಿಯ ಓಣಿಯಂಥ ಜಾಗದಲ್ಲಿ ಅಣ್ಣ ಬೆಂಚಿನ ತುದಿಯಲ್ಲಿ ಕೂತಿದ್ದ. ನಿನ್ನೆಯಿಂದ ಅವಳ ಬಾಯಿಗೆ ಬೀಗ ಬಿದ್ದಿದೆ, ಕೇಳಿದರೆ ಬಿಡಿ ಬಿಡಿ ಅಂತಾಳೆ ಎಂದ. ಮಿಷನ್ ಕಂಪನಿಯಿಂದ ಬಂದಿದ್ದೇನೆ ಎಂದು ಚೀಟಿ ಕಳಿಸಿದೆ, ಒಳಗೆ ಕರೆದರು. ಉದ್ದ ಮೇಜಿನ ಆಚೆ ಮುಖ್ಯ ವೈದ್ಯೆ, ಅವರ ಎರಡೂ ಪಕ್ಕ ಒಬ್ಬೊಬ್ಬರು. ಈಚೆ ಕುರ್ಚಿಯಲ್ಲಿ ಅತ್ತಿಗೆ ಒಬ್ಬರೇ. ನನ್ನನ್ನು ನೋಡಿ ಅವರಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಅವರು ಬೇಡ ಅನ್ನುವ ಹಾಗೆ ತಲೆಯಾಡಿಸಿದರು.

ನಾನು ಎಲ್ಲ ಹೇಳಿದೆ. ಎರಡು ದೂರು, ಎರಡು ನಿಯಮ, ಒಂದು ಶುಕ್ರವಾರ. ಮುಚ್ಚಿದವಳು ನಾನೇ ಎಂದೂ, ಇವರು ನನ್ನ ಅತ್ತಿಗೆ ಎಂದೂ ಹೇಳಿದೆ. ಮುಖ್ಯ ವೈದ್ಯೆ ವಿಡಿಯೊವನ್ನು ಎರಡು ಸಲ ನೋಡಿದರು, 8.4 ಬಂದಲ್ಲಿ ನಿಲ್ಲಿಸಿ ಪಕ್ಕದವರಿಗೂ ತೋರಿಸಿದರು. ಅತ್ತಿಗೆಯ ದೂರನ್ನು ಒಂದಕ್ಷರ ಬಿಡದೆ ಓದಿದರು. ಒತ್ತಿದ್ದು ಹದಿನಾಲ್ಕೇ ಎನ್ನುವುದರಲ್ಲಿ ಇನ್ನು ಅನುಮಾನ ಇಲ್ಲ, ದೂರು ಕೊಟ್ಟದ್ದೂ ನಿಜ ಎಂದರು. ನಾನು ಫೋನ್ ಎತ್ತಿಕೊಳ್ಳುವಷ್ಟರಲ್ಲಿ ಅವರು ಅತ್ತಿಗೆಯ ಕಡೆ ತಿರುಗಿದರು.

‘ಅಂದ್ರೆ ಈ ದೋಷ ನಿಮಗೆ ಮೂರು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ಎರಡನೇ ಪುಟ ಯಾಕೆ ನೋಡ್ಲಿಲ್ಲ?’

 ಅವರನ್ನು ಬಿಡಿಸಲು ತಂದ ಕಾಗದವೇ ಅವರನ್ನು ಸಿಕ್ಕಿಸಿಹಾಕಿತ್ತು. ಮಿಷನ್ನನ್ನು ನಂಬಿದ ನರ್ಸನ್ನು ಕ್ಷಮಿಸಬಹುದು. ಮಿಷನ್ ಸುಳ್ಳು ಹೇಳುತ್ತದೆ ಎಂದು ಗೊತ್ತಿದ್ದೂ ಮಗುವಿಗೆ ಹಚ್ಚಿದ ನರ್ಸನ್ನು ಯಾರು ಕ್ಷಮಿಸುತ್ತಾರೆ? ಅತ್ತಿಗೆ ಮೇಜಿನ ಅಂಚನ್ನೇ ನೋಡುತ್ತಿದ್ದರು. ವೈದ್ಯೆ ಇನ್ನೊಮ್ಮೆ ಕೇಳಿದರು. ಉತ್ತರ ಬರದಿದ್ದರೆ ಅಲಕ್ಷ್ಯ ಎಂದೇ ಬರೆದುಕೊಳ್ಳಬೇಕಾಗುತ್ತದೆ ಎಂದರು.

‘ಹಾಗೇ ಬರ್ಕೊಳ್ಳಿ,’ ಎಂದರು ಅತ್ತಿಗೆ.

ನನಗೆ ರೇಗಿಹೋಯಿತು. ಬೆಳಿಗ್ಗೆಯಿಂದ ನನ್ನ ಮೇಲೆ ಇದ್ದ ಸಿಟ್ಟೆಲ್ಲ ಅವರ ಮೇಲೆ ತಿರುಗಿತು. ಏನಿದ್ದರೂ ಹೇಳಿ ಅತ್ತಿಗೆ, ನನಗೋಸ್ಕರವಾದರೂ ಹೇಳಿ ಎಂದೆ, ಆ ಕೋಣೆಗೆ ಸಲ್ಲದಷ್ಟು ಜೋರಾಗಿ.

ಅವರು ಆಗಲೂ ನನ್ನ ಕಡೆ ತಿರುಗಲಿಲ್ಲ. ವೈದ್ಯೆಗೇ ಹೇಳಿದರು.

‘ಮೊದಲು ನೋಡ್ತಿದ್ದೆ. ದೂರು ಬರೆದ ಮೇಲೆ ಎಂಟು ತಿಂಗಳು, ಒಂದು ಸಲ ಬಿಡದೆ. ಕಾಗದದ ಮೇಲೆ ಲೆಕ್ಕ ಹಾಕಿ, ಎರಡನೇ ಪುಟ ತಿರುಗಿಸಿ ಹೊಂದಿಸಿ ನೋಡ್ತಿದ್ದೆ. ಜೊತೆಯವರು ನಗೋರು. ಆಮೇಲೆ ಕಂಪನಿಯಿಂದ ಉತ್ತರ ಬಂತು, ನಿಮ್ಮ ದೂರು ಪರಿಶೀಲಿಸಿ ಮುಗಿಸಿದ್ದೇವೆ ಅಂತ. ಕೆಳಗೆ ಇವಳ ಹೆಸರಿತ್ತು, ಅದಕ್ಕೇ ಅದನ್ನ ನಿಮಗ್ಯಾರಿಗೂ ತೋರಿಸ್ಲಿಲ್ಲ. ಬೇರೆ ಯಾರದೇ ಹೆಸರಿದ್ದಿದ್ರೂ ನಾನು ಬಿಡ್ತಿರ್ಲಿಲ್ಲ. ಇವಳು ನೋಡಿದ್ದಾಳೆ ಅಂದ್ಮೇಲೆ ನಾನು ಮತ್ತೆ ನೋಡೋದೇನಿದೆ ಅಂತ ಮಾರನೇ ದಿನದಿಂದ ಬಿಟ್ಟೆ.’

 ಮುಖ್ಯ ವೈದ್ಯೆ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು.

‘ನೀವು ನೋಡಿದ್ರಾ?’

‘ಇಲ್ಲ. ತಲೆಬರಹ ಓದಿದ್ದೆ, ಅಷ್ಟೇ.’

‘ಒಳಗೆ ಬರೆದಿದ್ದು?’

‘ಇವತ್ತು ಮೊದಲನೇ ಸಲ ಓದಿದೆ.’

ಅವರು ಅದನ್ನು ಬರೆದುಕೊಂಡರು, ನನ್ನ ಹೆಸರು, ಹುದ್ದೆ, ಫೋನ್ ನಂಬರ್ ಸಮೇತ. ಪಕ್ಕದವರಿಬ್ಬರ ಜೊತೆ ತಗ್ಗಿದ ದನಿಯಲ್ಲಿ ಒಂದೆರಡು ಮಾತಾಡಿ, ಅತ್ತಿಗೆಯ ಅಮಾನತು ಇವತ್ತಿಗೇ ಮುಗಿಯಿತು, ನಾಳೆಯಿಂದ ಕೆಲಸಕ್ಕೆ ಬರಬಹುದು ಎಂದರು. ಅತ್ತಿಗೆ ಎದ್ದು ನಿಂತರು. ನಾನು ಅವರಿಗಾಗಿ ಬಾಗಿಲು ಹಿಡಿದುಕೊಂಡೆ. ಪಕ್ಕದಲ್ಲಿ ಹಾದುಹೋಗುವಾಗ ಅವರು ನಿಂತು, ನಾನು ಅಲ್ಲಿ ಮಾತು ಶುರು ಮಾಡಿದ ಮೇಲೆ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು.

‘ಎರಡು ಪಾಳಿ ಮುಗಿಸಿ ಬಂದು ಕೂತು ಬರೆದಿದ್ದೆ ಕಣೇ,’ ಎಂದರು.

ಅವರ ದನಿಯಲ್ಲಿ ಕೋಪ ಇರಲಿಲ್ಲ.